ಪಂಚಾಯಿತಿ ಗೇಟಿನ ಸರಪಳಿ

ನಾನು ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರು. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ, ನಡುವೆ ವಳಸಂಗ. ನನ್ನ ಅರ್ಧ ಆಯುಷ್ಯ ಈ ದಾರಿಯ ಮೇಲೆಯೇ ಸವೆದಿದೆ. ಚಿಲ್ಲರೆಗಾಗಿ ಜಗಳವಾಡಿ ಆಡಿ ನನ್ನ ನಾಲಿಗೆ ಹರಿತವಾಗಿದೆ ಎಂದು ನಮ್ಮ ಡ್ರೈವರು ಹೇಳುತ್ತಾನೆ. ನನ್ನ ಅವ್ವನ ಬಾಯಿಗೆ ಅವನು ಸಿಕ್ಕಿಲ್ಲ, ಅದಕ್ಕೇ ಹಾಗನ್ನುತ್ತಾನೆ.

ಅವ್ವ ನಾಗಣಸೂರಿನ ಹೆಣ್ಣುಮಗಳು. ಅಪ್ಪ ಹೋದ ಮೇಲೆ ಅಕ್ಕಲಕೋಟೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಎಪ್ಪತ್ತೈದು ದಾಟಿದವರಿಗೆ ನಮ್ಮ ಬಸ್ಸಿನಲ್ಲಿ ಪ್ರಯಾಣ ಪುಕ್ಕಟೆ. ಆದರೂ ಮಷಿನ್ನಿನಿಂದ ಸೊನ್ನೆ ಎಂದು ಮುದ್ರಿಸಿದ ಟಿಕೆಟ್ ಹರಿದು ಕೈಗೆ ಕೊಡುವ ತನಕ ಅವ್ವ ಸೀಟಿನಲ್ಲಿ ಕೂಡುವುದಿಲ್ಲ. "ಮಗಳ ಬಸ್ಸಂತ ಹಂಗ ಹತ್ತಿ ಬಂದಾಳ ಅಂತ ಯಾರೂ ಅನ್ನಬಾರದು," ಎನ್ನುತ್ತಾಳೆ. ಆ ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಿಟಕಿಯ ಪಕ್ಕ ಕುಳಿತಳೆಂದರೆ ಆಮೇಲೆ ಅವಳೇ ಡಿಪೊ ಮ್ಯಾನೇಜರು. ಯಾರು ಬೀಡಿ ಹಚ್ಚಿದರು, ಯಾರು ಕಾಲು ಚಾಚಿದರು, ಎಲ್ಲ ಅವಳ ಲೆಕ್ಕದಲ್ಲಿ ಇರುತ್ತದೆ.

ವಾರಕ್ಕೊಂದು ದಿನ ನಮ್ಮ ಬಸ್ಸು ದೊಡ್ಡ ರಸ್ತೆ ಬಿಟ್ಟು ಒಳಗಿನ ಒಂದು ಊರಿಗೆ ತಿರುಗುತ್ತದೆ. ಅಂದು ಅಲ್ಲಿ ಸಂತೆ. ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಇವತ್ತಿಗೂ ನನ್ನ ಕೈಯಿಂದಲೇ ಟಿಕೆಟ್ ತೆಗೆಸುತ್ತಾರೆ, ನಾಳೆ ಮುಖ ಮುಖ ನೋಡಬೇಕಲ್ಲ. ಅವ್ವ ಮೆಂತ್ಯೆ, ರಾಜಗಿರಿ, ಸಬ್ಬಸಿಗೆಯ ಗಂಟು ಕಟ್ಟಿಕೊಂಡು ಬಂದು ಆ ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂಡುತ್ತಾಳೆ. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದರೆ, ಮನೆಯಲ್ಲಿ ಕುಳಿತರೆ ಮೊಣಕಾಲು ಹಿಡಿಯುತ್ತವೆ ಎನ್ನುತ್ತಾಳೆ. ಸಂತೆಯಲ್ಲಿಯೂ ಕುಳಿತೇ ಇರುತ್ತೀಯಲ್ಲ ಎಂದರೆ, ಗಂಟು ಎತ್ತಿ ಕೊಡು, ಹೊತ್ತಾಯಿತು ಎನ್ನುತ್ತಾಳೆ.

ನಮ್ಮ ಮನೆದೇವರು ಮೈಲಾರಲಿಂಗ. ಮೈಲಾರನ ಸೇವೆಗೆ ನಿಂತವರನ್ನು ನಮ್ಮಲ್ಲಿ ವಗ್ಗಯ್ಯ ಎನ್ನುತ್ತಾರೆ. ಹೆಗಲ ಮೇಲೆ ಕರಿ ಕಂಬಳಿ, ಕೊರಳಲ್ಲಿ ಭಂಡಾರದ ಚೀಲ. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಮಾರ್ಗಶಿರದಲ್ಲಿ ಬರುವ ಮೈಲಾರನ ಹಬ್ಬ ಚಂಪಾಷಷ್ಠಿಯ ಸುಮಾರಿಗೆ ವಗ್ಗಯ್ಯ ಕಬ್ಬಿಣದ ಸರಪಳಿ ಹಿಡಿದು ಊರೊಳಗೆ ನಡೆಯುತ್ತಾನೆ, ಹೆಂಗಸರು ಭಂಡಾರ ಎರಚಿ ಕಾಲಿಗೆ ಬೀಳುತ್ತಾರೆ, ಕೊನೆಗೆ ಗುಡಿಯ ಮುಂದೆ ಆ ಸರಪಳಿಯನ್ನು ಒಂದೇ ಜಗ್ಗಿಗೆ ಹರಿಯುತ್ತಾನೆ. ಅದಕ್ಕೆ ಲಂಗರ ಹರಿಯುವುದು ಎಂದು ಹೆಸರು. ಕಬ್ಬಿಣ ಹೇಗೆ ಹರಿಯುತ್ತದೆ ಎಂದು ನನ್ನನ್ನು ಕೇಳಬೇಡಿ. ಹರಿದದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ನಮ್ಮ ಸುತ್ತಿನ ಊರುಗಳಿಗೆಲ್ಲ ಲಂಗರ ಹರಿಯುತ್ತಿದ್ದವನು ಕುರಿ ಕಾಯುವ ಮನೆತನದ ಒಬ್ಬ ವಗ್ಗಯ್ಯ. ಎತ್ತರದ ಆಳು, ಮಾತು ಕಡಿಮೆ. ವರ್ಷಕ್ಕೊಮ್ಮೆ ನಮ್ಮ ಮನೆಗೂ ಬರುತ್ತಿದ್ದ, ಹಿಂದೆ ಗಂಟೆ ಹಿಡಿದುಕೊಂಡು ಅವನ ಮಗ ಬರುತ್ತಿದ್ದ. ಅವ್ವ ಇಬ್ಬರಿಗೂ ಹೋಳಿಗೆ ಬಡಿಸುತ್ತಿದ್ದಳು. ತಂದೆ ಒಂದು ಬೇಸಿಗೆಯಲ್ಲಿ ತೀರಿಕೊಂಡ. ಮುಂದೆ ಲಂಗರ ಹರಿಯುವವರು ಯಾರು ಎಂದು ಅವ್ವ ಆ ವರ್ಷವೆಲ್ಲ ಚಿಂತೆ ಮಾಡಿದಳು. ಅವಳಿಗೆ ದೇಶದ ಚಿಂತೆಗಿಂತ ಇದೇ ದೊಡ್ಡದು.

ಅಷ್ಟರಲ್ಲಿ ಆ ಮಗ ಜೈಲು ಸೇರಿದ್ದ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಸಂತೆಯೂರಿನ ಕಬ್ಬಿನ ಹೊಲದಲ್ಲಿ ಅವನ ಕುರಿ ನುಗ್ಗಿದವಂತೆ, ಬಡಿದಾಟವಾಯಿತಂತೆ, ಹೊಲದವರ ಕಡೆಯ ಒಬ್ಬನ ತಲೆ ಒಡೆಯಿತಂತೆ. ಪೊಲೀಸರು ಅವನನ್ನು ಹಿಡಿದು ಸೊಲ್ಲಾಪುರಕ್ಕೆ ಕಳಿಸಿದ್ದರು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ.

ಚಂಪಾಷಷ್ಠಿ ಹತ್ತಿರ ಬಂದಿದ್ದ ಒಂದು ಸಂತೆಯ ದಿನ. ಚಳಿ ಆಗಷ್ಟೇ ಶುರುವಾಗಿತ್ತು. ಬಸ್ಸು ಸಂತೆಯ ಬಾಯಿಗೆ ಬಂದು ನಿಂತುಬಿಟ್ಟಿತು, ಮುಂದೆ ಜನವೋ ಜನ. ನಾನು ಬಾಗಿಲಲ್ಲಿ ನಿಂತು ಬೈಯುತ್ತಿದ್ದೆ. ನಾಲ್ವರು ಪೊಲೀಸರ ನಡುವೆ ಆ ಹುಡುಗ ನಡೆದು ಬರುತ್ತಿದ್ದುದು ತಲೆಗಳ ಸಂದಿಯಿಂದ ಕಂಡಿತು. ಹೆಗಲ ಮೇಲೆ ಅಪ್ಪನದೇ ಕರಿ ಕಂಬಳಿ. ಕೈಗಳ ಬಳಿಯಿಂದ ಉದ್ದನೆಯ ದಪ್ಪ ಸರಪಳಿ ಇಳಿದಿತ್ತು. ಬಡಿದಾಟ ನಡೆದ ಜಾಗ ತೋರಿಸಲು ಅವನನ್ನು ಹೊಲಕ್ಕೆ ಒಯ್ಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಜೀಪು ಊರ ಹೊರಗೆ ನಿಲ್ಲಿಸಿ ಸಂತೆಯ ನಡುವೆಯೇ ನಡೆಸಿದ್ದರು. ಬೇಡಿಗೆ ಕಟ್ಟುವ ಹಗ್ಗ ಮರೆತು ಬಂದಿದ್ದರಂತೆ. ಊರಿನ ಗ್ರಾಮಸೇವಕರು, ಎಂದರೆ ಪಂಚಾಯಿತಿಯ ಕಾರ್ಯದರ್ಶಿ, ದೊಡ್ಡ ಮನಸ್ಸು ಮಾಡಿ ಪಂಚಾಯಿತಿಯ ಗೇಟಿಗೆ ಹಾಕುವ ಸರಪಳಿ ಬಿಚ್ಚಿಸಿ ಕೊಟ್ಟರಂತೆ. ಒಂದು ನಳ ರಿಪೇರಿ ಮಾಡಿಸಲು ವರ್ಷ ಬೇಡುವ ಪಂಚಾಯಿತಿ ಆ ದಿನ ಎಷ್ಟು ಚುರುಕು ನೋಡಿ.

ಅವ್ವ ಬೆಳಗಿನ ಬಸ್ಸಿಗೇ ಬಂದು ಸಂತೆಯಲ್ಲಿ ಗೋಣಿತಟ್ಟು ಹಾಸಿದ್ದಳು, ಕೂತಲ್ಲಿಂದಲೇ ನೋಡಿದಳು. ಕಂಬಳಿ ನೋಡಿದಳು, ಸರಪಳಿ ನೋಡಿದಳು, ತಂದೆಯ ಮುಖದ ಅಚ್ಚು ನೋಡಿದಳು. ಕಂಬಳಿಯ ಅಂಚಿನ ಕೆಳಗಿದ್ದ ಬೇಡಿ ಕಾಣಲಿಲ್ಲ. ಪೊಲೀಸರಿದ್ದಾರಲ್ಲ ಎಂಬ ಅನುಮಾನವೂ ಬರಲಿಲ್ಲ. ದೇವರ ಮೆರವಣಿಗೆಗೆ ಬಂದೋಬಸ್ತಿಗೆ ಪೊಲೀಸರು ಬಂದೇ ಬರುತ್ತಾರೆ. ಮಗ ಅಪ್ಪನ ಸೇವೆ ಹಿಡಿದನಲ್ಲ ಎಂದು ಕಣ್ಣು ತುಂಬಿಕೊಂಡು, ಸೊಂಟದ ಚೀಲದಿಂದ ಭಂಡಾರ ತೆಗೆದು "ಏಳುಕೋಟಿ ಏಳುಕೋಟಿ" ಎಂದು ಮೈಲಾರನ ಜಯಕಾರ ಕೂಗುತ್ತ ಓಡಿದಳು. ಮೊಣಕಾಲು ಹಿಡಿಯುವ ಮುದುಕಿ ಅಂದು ಓಡಿದ್ದನ್ನು ನಾನು ನೋಡಿದೆ. ಅವನ ಹಣೆಗೆ ಭಂಡಾರ ಎರಚಿ ಧೂಳಿನಲ್ಲಿ ಅಡ್ಡಬಿದ್ದಳು. ಅವಳ ಹಿಂದೆ ಬದನೆಕಾಯಿಯವಳು, ಬಳೆಯವಳು, ಇನ್ನೂ ಯಾರ್‍ಯಾರೋ ಬಿದ್ದರು. ನಮ್ಮ ಸೀಮೆಯ ಹೆಂಗಸರು ಮಾತ್ರ ಮಾಡಬಹುದಾದ ತಪ್ಪು ಅದು. ಪೊಲೀಸರು ಲಾಠಿ ಎತ್ತಲಾಗದೆ ಇಳಿಸಲಾಗದೆ ನಿಂತರು.

ಆಗ ಪಂಚಾಯಿತಿಯ ಮೈಕು ಕೂಗಿತು. ನೀರು ಯಾವಾಗ ಬಿಡುತ್ತಾರೆ, ಯಾರ ಆಡು ಕಳೆದಿದೆ ಎಂದು ಹೇಳುವ ಮೈಕು ಅದು. ಗ್ರಾಮಸೇವಕರ ದನಿ ಊರೆಲ್ಲ ಕೇಳಿತು: "ಏ, ಯಾರೂ ಕಾಲಿಗೆ ಬೀಳಬ್ಯಾಡ್ರಿ! ಆಂವಾ ವಗ್ಗಯ್ಯ ಅಲ್ಲ, ಕೈದಿ! ಹೊಲಕ್ಕ ಕುರಿ ನುಗ್ಗಿಸಿದ ಬದಮಾಶ! ಎಲ್ಲಾರೂ ಸರಿಯಾಗಿ ನೋಡಿಕೊಳ್ರಿ!"

ಸಂತೆ ನಕ್ಕಿತು. ಯಾರನ್ನು ನೋಡಿ ನಕ್ಕರೋ, ಹುಡುಗನನ್ನೋ ಅವ್ವನನ್ನೋ, ಇಂದಿಗೂ ಗೊತ್ತಿಲ್ಲ. ನಾನು ಇಳಿದು ಜನರನ್ನು ಸರಿಸಿಕೊಂಡು ಹೋಗುವಷ್ಟರಲ್ಲಿ ಪೊಲೀಸರು ಅವನನ್ನು ಎಳೆದುಕೊಂಡು ಮುಂದೆ ಹೋಗಿದ್ದರು. ಅವ್ವ ನೆಲದ ಮೇಲೆಯೇ ಇದ್ದಳು. ಎಬ್ಬಿಸಿದೆ. ಮುಖವೆಲ್ಲ ಅರಿಶಿನ ಮತ್ತು ಧೂಳು. ಆ ದಿನ ಅವಳು ಸೊಪ್ಪಿನ ಗಂಟು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದಳು. ಮೊದಲ ಸಲ ಟಿಕೆಟ್ ಕೇಳಲಿಲ್ಲ.

ಕೆಲವು ತಿಂಗಳ ನಂತರ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ವಕೀಲೆ ಸಾಕ್ಷಿಗಾಗಿ ನನ್ನನ್ನು ಹುಡುಕಿಕೊಂಡು ಬಂದಳು. ಬಡವರಿಗೆ ಸರ್ಕಾರದಿಂದ ಪುಕ್ಕಟೆ ವಕೀಲರನ್ನು ಕೊಡುತ್ತಾರಲ್ಲ, ಅವರಲ್ಲಿ ಒಬ್ಬಳು. ಸೊಲ್ಲಾಪುರದವಳು, ಮರಾಠಿ ಮಾತಾಡುವವಳು, ನಮ್ಮ ಕನ್ನಡ ಅರ್ಧ ತಿಳಿಯುತ್ತಿತ್ತು. ಆ ಹುಡುಗನ ಜಾಮೀನಿಗಾಗಿ ಜೈಲಿಗೆ ಹೋದರೆ ಅವನು ಜಾಮೀನಿನ ಮಾತೇ ಎತ್ತಲಿಲ್ಲವಂತೆ. "ಅದು ಆಮ್ಯಾಲ ನೋಡೂಣ್ರಿ ಬಾಯಾರ. ಮೊದಲ ಆ ಸರಪಳಿದು ಬರಕೊಳ್ರಿ," ಎಂದನಂತೆ. ಯಾರ ಮೇಲೆ ಎಂದರೆ, ಕಟ್ಟಿದ ಪೊಲೀಸರ ಮೇಲೆ, ಸರಪಳಿ ಕೊಟ್ಟ ಗ್ರಾಮಸೇವಕರ ಮೇಲೆ, ಅವರಿಬ್ಬರಿಗೂ ಸಂಬಳ ಕೊಡುವ ಸರ್ಕಾರದ ಮೇಲೆ.

ನಾನು ನಕ್ಕೆ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಜೈಲಿನ ಒಳಗೆ ಕುಳಿತುಕೊಂಡು, ಹೊರಗೆ ಕುರಿ ಚಿಕ್ಕಪ್ಪನ ಪಾಲಿಗೆ ಬಿಟ್ಟು, ಸರ್ಕಾರದ ಮೇಲೆ ದಾವೆ ಹೂಡುತ್ತಾನಂತೆ! ಆದರೆ ವಕೀಲೆ ನಗಲಿಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಕೈದಿಗೆ ಬೇಡಿ ಹಾಕಿ ಬೀದಿಯಲ್ಲಿ ನಡೆಸಬಾರದೆಂದು ದೊಡ್ಡ ಕೋರ್ಟು ಎಂದೋ ಹೇಳಿಬಿಟ್ಟಿದೆಯಂತೆ. ಜೈಲಿಗೆ ಹೋದವನ ಮಾನ ಜೈಲಿನ ಬಾಗಿಲಲ್ಲಿ ಕಳಚಿಡುವ ಚಪ್ಪಲಿಯಲ್ಲ ಎಂದಳು. ನನಗೆ ಆ ಹುಡುಗಿ ಮೇಲೆ ಅಲ್ಲಿಯೇ ಪ್ರೀತಿ ಹುಟ್ಟಿತು.

ಅವನಿಗೆ ಬೇಕಾಗಿದ್ದುದು ಒಂದೇ. ಅದೇ ಸಂತೆಯಲ್ಲಿ, ಅದೇ ಮೈಕಿನಲ್ಲಿ, ನಾವು ಮಾಡಿದ್ದು ತಪ್ಪು ಎಂದು ಅವರು ಹೇಳಬೇಕು. ಮೈಕಿನಲ್ಲಿ ಹೇಳಿರೆಂದು ಕೋರ್ಟು ಬರೆಯುವುದಿಲ್ಲ, ಬೇಡಿ ಹಾಕಿದ್ದು ಕಾನೂನಿಗೆ ವಿರುದ್ಧ ಎಂದು ಬರೆಯಬಹುದು, ಪರಿಹಾರ ಕೊಡಿಸಬಹುದು ಎಂದು ವಕೀಲೆ ತಿಳಿಸಿ ಹೇಳಿದಳಂತೆ. ಅವನು ಕೇಳಲಿಲ್ಲ. "ಬರಿಯೂದು ಬಿಡೂದು ಅವರಿಗೆ ಬಿಟ್ಟದ್ದು. ಕೇಳೂದು ನನ್ನ ಹಕ್ಕು," ಎಂದನಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಆನೆ ಕೇಳಲಿಲ್ಲ, ಮೈಕು ಕೇಳಿದ.

ಸಾಕ್ಷಿ ಸಿಗಲಿಲ್ಲ. ಸಂತೆಗೆ ಸಂತೆಯೇ ನೋಡಿತ್ತು, ಈಗ ಎಲ್ಲರಿಗೂ ಆ ದಿನ ಜ್ವರ ಬಂದಿತ್ತು. ಮೊಬೈಲಿನಲ್ಲಿ ತೆಗೆದವರೆಲ್ಲ ಅಳಿಸಿದ್ದರು. ಬಳೆಯವಳು ತನಗೆ ಕಣ್ಣೇ ಕಾಣುವುದಿಲ್ಲ ಎಂದಳು. ಅವಳು ಬಳೆಯ ಅಳತೆಯನ್ನು ಮಾತ್ರ ದೂರದಿಂದಲೇ ಹೇಳುತ್ತಾಳೆ. ಸರಪಳಿ ಬಿಚ್ಚಿ ತಂದಿದ್ದ ಪಂಚಾಯಿತಿಯ ಶಿಪಾಯಿ, ಅಂದರೆ ಜವಾನ, ನಮ್ಮ ಬಸ್ಸನ್ನೇ ಹತ್ತುವುದು ಬಿಟ್ಟ. ನಾನು ಸಾಕ್ಷಿ ಹೇಳಲು ಒಪ್ಪಿದೆ. ಆದರೆ ಬಸ್ಸಿನ ಬಾಗಿಲಲ್ಲಿ ನಿಂತವಳು ತಲೆಗಳ ಸಂದಿಯಿಂದ ಸರಪಳಿ ಕಂಡಿದ್ದೆ, ಬೇಡಿ ಕಂಡಿರಲಿಲ್ಲ, ಮೈಕು ಕೇಳಿದ್ದೆ, ಅಷ್ಟೆ. ಹತ್ತಿರದಿಂದ ಆ ಕೈಗಳನ್ನು ನೋಡಿದವರು ಬೇಕಾಗಿತ್ತು.

ಅದರ ಮೇಲೆ ಸರ್ಕಾರದ ಕಡೆಯಿಂದ ಉತ್ತರ ಬಂತು. ವಕೀಲೆ ಅದನ್ನು ನನಗೆ ಓದಿ ಹೇಳಿದಳು. ಮೊದಲನೆಯದಾಗಿ, ಬೇಡಿಯನ್ನೇ ಹಾಕಿಲ್ಲ. ಎರಡನೆಯದಾಗಿ, ಒಂದು ವೇಳೆ ಸರಪಳಿ ಇತ್ತು ಎಂದಿಟ್ಟುಕೊಂಡರೂ ಅವನಿಗೆ ಅವಮಾನವಾಗಿಲ್ಲ. ಜನ ದೇವರ ಭಕ್ತನೆಂದು ಭಂಡಾರ ಹಚ್ಚಿ ಕಾಲಿಗೆ ಬಿದ್ದು ಸನ್ಮಾನವನ್ನೇ ಮಾಡಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಅವ್ವನ ಭಕ್ತಿಯನ್ನೇ ಎತ್ತಿಕೊಂಡು ಆ ಹುಡುಗನ ತಲೆಗೆ ಹೊಡೆದಿದ್ದರು. ನನ್ನ ಮೈ ಉರಿಯಿತು.

ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಮೆಂತ್ಯೆಯ ಕಟ್ಟು ಬಿಚ್ಚಿ ಕಟ್ಟಿ ಮಾಡಿದಳು. ಆಮೇಲೆ, "ನಾ ಹೇಳಿದ್ರ ನಡೀತೈತೇನ?" ಎಂದಳು.

ಆದರೆ ಅದು ಅಷ್ಟು ಸುಲಭವಿರಲಿಲ್ಲ. ಸುದ್ದಿ ತಿಳಿದು ಗುಡಿಯ ಪೂಜಾರಿ ಮನೆಗೆ ಬಂದರು. ಅವರು ಕೆಟ್ಟವರಲ್ಲ, ಅವರ ಭಯ ಅವರಿಗೆ. "ಸಿಟ್ಟ ಮಾಡಬ್ಯಾಡ ಯವ್ವಾ, ಕೇಳಿಲ್ಲಿ. ಮೈಲಾರನ ಭಂಡಾರ ಒಮ್ಮಿ ಬಿತ್ತಂದ್ರ ಬಿತ್ತು. ಅದನ್ನ ತಪ್ಪಿ ಹಾಕೀನಿ ಅಂತ ಕೋರ್ಟಿನ್ಯಾಗ ನಿಂತು ಅಂದ್ರ ದೇವರಿಗೆ ಅಪಚಾರ ಆಗತೈತಿ. ಮೊಮ್ಮಕ್ಕಳು ಮರಿ ಇದ್ದಾಕಿ ನೀ," ಎಂದರು. ಅವ್ವ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಆಮೇಲೆ ಸುಮಾರು ದಿನ ಯಾರ ಜೊತೆಗೂ ಜಗಳವಾಡಲಿಲ್ಲ. ಅವ್ವ ಜಗಳವಾಡದಿದ್ದರೆ ನನಗೆ ಹೆದರಿಕೆ. ಜೀವಮಾನವೆಲ್ಲ ಆ ದೇವರನ್ನು ನೆಚ್ಚಿಕೊಂಡವಳು. ಗಂಡ ಹೋದಾಗಲೂ, ನನ್ನ ಸಂಸಾರ ಮುರಿದಾಗಲೂ, ಅವಳ ಕೈ ಹೋದದ್ದು ಆ ಚೀಲಕ್ಕೆ. ಆ ಭಂಡಾರವನ್ನು ಸುಳ್ಳು ಮಾಡೆಂದು ನಾನು ಹೇಗೆ ಒತ್ತಾಯ ಮಾಡಲಿ? ಅತ್ತ ಅವಳು ಬಾಯಿ ಬಿಡದಿದ್ದರೆ ಆ ಹುಡುಗನ ದಾವೆ ಬಿದ್ದುಹೋಗುತ್ತಿತ್ತು.

ತಾರೀಖಿನ ದಿನ ಬೆಳಿಗ್ಗೆ ನಾನು ರಜೆ ಹಾಕಿದ್ದೆ. ಅವ್ವ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಬೇರೆ ಕಂಡಕ್ಟರನ ಕೈಯಿಂದ ಸೊನ್ನೆಯ ಟಿಕೆಟ್ ಕೇಳಿ ತೆಗೆಸಿಕೊಂಡಳು. ವಳಸಂಗ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ಭಂಡಾರ ತಪ್ಪಿ ಬಿದ್ದಿಲ್ಲ ಮಗಳ. ಅದು ಬೀಳಬೇಕಾದವನ ಮ್ಯಾಲೇ ಬಿದ್ದೈತಿ. ತಪ್ಪಿದ್ದು ಸರಪಳಿ."

ನಾನು ಅವಳ ಕೈ ಹಿಡಿದುಕೊಂಡೆ. ಪೂಜಾರಿಗೂ ಹೊಳೆಯದ ದಾರಿ ಅದು. ನನ್ನ ಅವ್ವ ಎಂದು ಹೇಳುತ್ತಿಲ್ಲ, ಅಂಥ ತಲೆ ಎಲ್ಲರಿಗೂ ಇರುವುದಿಲ್ಲ.

ಸೊಲ್ಲಾಪುರದ ಕೋರ್ಟಿನ ಆವರಣದಲ್ಲಿ ಅವನನ್ನು ಮತ್ತೆ ನೋಡಿದೆವು. ತೆಳ್ಳಗಾಗಿದ್ದ. ಈಗ ಬೇಡಿ ಇರಲಿಲ್ಲ. ಆಚೆಗೊಬ್ಬ ಈಚೆಗೊಬ್ಬ ಪೊಲೀಸ್ ಅವನ ಬೆರಳಿಗೆ ಬೆರಳು ಹೆಣೆದು ಹಿಡಿದುಕೊಂಡಿದ್ದರು, ಸಂತೆಗೆ ಹೊರಟ ಗೆಳೆಯರ ಹಾಗೆ. ಅವನ ಬಡಿದಾಟದ ಕೇಸೂ ಅದೇ ಆವರಣದಲ್ಲಿಯೇ ಇತ್ತು. ಒಂದು ಕೋಣೆಯಲ್ಲಿ ಅವನು ಆರೋಪಿ, ಇನ್ನೊಂದು ಕೋಣೆಯಲ್ಲಿ ವಾದಿ. ನನ್ನ ಬಾಯಿ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟೆ: "ತಮ್ಮಾ, ಖರೇ ಹೇಳು. ಅವನ ತಲಿ ಒಡದಾಂವ ನೀನೇ ಏನ?"

ಅವನು ಸಿಟ್ಟಾಗಲಿಲ್ಲ. "ಅಕ್ಕಾರ, ಹೊಡದೀನೋ ಇಲ್ಲೋ ಅದನ್ನ ಆ ಖೋಲಿ ಹೇಳತೈತಿ. ತಪ್ಪಿದ್ರ ಶಿಕ್ಷಾ ತಗೋತೀನಿ. ಹಂಗ ಕಟ್ಟಬಾರದಿತ್ತು ಅನ್ನೂದನ್ನ ಈ ಖೋಲಿ ಹೇಳಲಿ. ಎರಡೂ ಕೂಡಿಸಬ್ಯಾಡ್ರಿ," ಎಂದ.

ನಾನು ಬಸ್ಸಿನಲ್ಲಿ ದಿನಾ ನೂರಾರು ಜನರನ್ನು ನೋಡುತ್ತೇನೆ. ತಪ್ಪು ಮಾಡಿ ಸಿಕ್ಕವರೆಲ್ಲ ಮೊದಲು ತಾವು ಸಂಭಾವಿತರೆಂದು ಆಣೆ ಹಾಕುತ್ತಾರೆ. ಇವನು ಆಣೆ ಹಾಕಲಿಲ್ಲ, ಅಳಲಿಲ್ಲ, ಕರುಣೆ ಬೇಡಲಿಲ್ಲ. ಅವನ ಮೇಲೆ ನನಗಿದ್ದ ಅನುಕಂಪ ಅಲ್ಲಿಗೆ ಮುಗಿದು ಗೌರವ ಶುರುವಾಯಿತು.

ಅವ್ವ ಕಟಕಟೆ ಹತ್ತಿದಳು. ನ್ಯಾಯಾಧೀಶರು ಮಧ್ಯವಯಸ್ಸಿನ ಹೆಣ್ಣುಮಗಳು, ಕನ್ನಡ ಬಾರದವರು. ಕನ್ನಡ ಬಲ್ಲ ಒಬ್ಬ ಗುಮಾಸ್ತರು ಪ್ರಶ್ನೆಯನ್ನು ಕನ್ನಡಕ್ಕೂ ಉತ್ತರವನ್ನು ಮರಾಠಿಗೂ ಮಾಡುತ್ತಿದ್ದರು. ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡುವ ಅವ್ವ ಪ್ರಶ್ನೆ ಕನ್ನಡಕ್ಕೆ ಬರುವ ಮೊದಲೇ ಉತ್ತರ ಕೊಡತೊಡಗಿದಳು. ಸಾವಕಾಶ ಅಜ್ಜಿ ಎಂದು ಗುಮಾಸ್ತರು ಬೇಡಿಕೊಂಡರು.

ಸರ್ಕಾರಿ ವಕೀಲರು ಮೃದುವಾಗಿಯೇ ಕೇಳಿದರು. ಆ ದಿನ ನೀವು ಇವನ ಕಾಲಿಗೆ ಬಿದ್ದದ್ದು ನಿಜವೇ?

"ಖರೇರಿ."

ಭಂಡಾರ ಹಚ್ಚಿದ್ದು?

"ಖರೇರಿ."

ನಿಮ್ಮ ಹಿಂದೆ ಇನ್ನೂ ಹೆಂಗಸರು ಬಿದ್ದದ್ದು?

"ಅವರೂ ಬಿದ್ರು."

ಅಂದ ಮೇಲೆ ಆ ದಿನ ಸಂತೆಯಲ್ಲಿ ಇವನಿಗೆ ಸಿಕ್ಕಷ್ಟು ಮರ್ಯಾದೆ ಬೇರೆ ಯಾರಿಗೂ ಸಿಗಲಿಲ್ಲ, ಅಲ್ಲವೇ?

ಅವ್ವ ಕಟಕಟೆಯ ಪಟ್ಟಿ ಹಿಡಿದುಕೊಂಡಳು. ನಮ್ಮ ವಕೀಲೆ ಪೆನ್ನು ಹಿಡಿದ ಕೈ ಹಾಗೆಯೇ ಇಟ್ಟುಕೊಂಡಿದ್ದಳು. ಸರ್ಕಾರಿ ವಕೀಲರು ಸಾಕು ಎಂಬಂತೆ ತಿರುಗಿದರು. ಆಗ ಅವ್ವ ಕೇಳಿದಳು.

"ಸಾಹೇಬ್ರ, ನಾ ಈಗ ನಿಮ್ಮ ಕಾಲಿಗೆ ಬಿದ್ರ ನೀವೇನ ಮಾಡತೀರಿ?"

ಉತ್ತರ ಮಾತ್ರ ಹೇಳಬೇಕು ಎಂದರು ನ್ಯಾಯಾಧೀಶರು.

"ಉತ್ತರಾನೇ ಹೇಳಾಕತ್ತೀನ್ರಿ ಬಾಯಾರ. ನನ್ನ ಹಂಥಾ ಮುದುಕಿ ಕಾಲಿಗೆ ಬಿದ್ರ ಎಂಥಾಂವನೂ ರಟ್ಟಿ ಹಿಡದು ಎಬ್ಬಸ್ತಾನ. ಲಂಗರ ಹರಿಯೋ ವಗ್ಗಯ್ಯನೂ ಸರಪಳಿ ಕೆಳಗಿಟ್ಟು ಎಬ್ಬಸ್ತಾನ, ಇವರಪ್ಪ ನನ್ನ ವರ್ಷಾ ವರ್ಷಾ ಎಬ್ಬಿಸ್ಯಾನ. ಈ ಹುಡುಗನ ಕೈ ಮುಂದ ಬಂದ್ವು. ಪೊಲೀಸ ಸರಪಳಿ ಜಗ್ಗಿದ, ಕೈ ಹಿಂದ ಹೋದ್ವು. ಆಗ ಕಂಡ್ವು ನನಗ ಬೇಡಿ. ನಾ ನೆಲದ ಮ್ಯಾಲ ಇದೀನಿ, ಮೈಕಿನ್ಯಾಗ ಇಂವಾ ಬದಮಾಶ ಅನ್ನಾಕತ್ತಾರ. ಇಂವಾ ಬಾಗಿ ನನಗ, 'ಯವ್ವಾ, ನೀನೇ ಏಳು, ನನಗ ಎಬ್ಬಸಾಕ ಬರೂದಿಲ್ಲ' ಅಂದ. ಅಷ್ಟು ಅಂದು ಮಾರಿ ಆ ಕಡಿ ತಿರುವಿದ. ಇದಕ್ಕ ಮರ್ಯಾದಿ ಅಂತೀರೇನ್ರಿ?"

ಗುಮಾಸ್ತರು ಅದನ್ನು ಮರಾಠಿಗೆ ಮಾಡಿದರು. ಈ ಮಾತನ್ನು ಅವ್ವ ನನಗೂ ಹೇಳಿರಲಿಲ್ಲ. ಅಂದು ಅವಳು ಸೊಪ್ಪು ಬಿಟ್ಟು ಬಂದದ್ದು, ಊಟ ಮಾಡದೆ ಮಲಗಿದ್ದು, ಎಲ್ಲದಕ್ಕೂ ಕಾರಣ ನನಗೆ ಆ ಕೋಣೆಯಲ್ಲಿ ತಿಳಿಯಿತು. ನಾನು ಅತ್ತೆ. ನ್ಯಾಯಾಧೀಶರು ಬರೆದುಕೊಂಡರು. ಸರ್ಕಾರಿ ವಕೀಲರು ಇನ್ನೇನೂ ಕೇಳಲಿಲ್ಲ. ಅವರೂ ಒಬ್ಬ ತಾಯಿಯ ಮಗನೇ. ಅವ್ವ ಕಟಕಟೆ ಇಳಿಯುವಾಗ ಮೆಟ್ಟಿಲಲ್ಲಿ ತಡವರಿಸಿದಳು, ಅವರೇ ಕೈ ಕೊಟ್ಟರು. ಅವ್ವ ಅವರ ಮುಖ ನೋಡಿ, "ನೋಡ್ರಿ, ನೀವೂ ಎಬ್ಬಸ್ತೀರಿ," ಎಂದಳು.

ತೀರ್ಪು ಬರಲು ಮತ್ತೆ ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಅವನಿಗೆ ಜಾಮೀನು ಸಿಕ್ಕಿ ಹೊರಗೆ ಬಂದು ಕುರಿ ಕಾಯತೊಡಗಿದ್ದ. ಬಡಿದಾಟದ ಕೇಸು ಇನ್ನೂ ನಡೆದೇ ಇದೆ. ದಾವೆಯಲ್ಲಿ ಮಾತ್ರ ಅವನು ಗೆದ್ದ. ಅಪ್ಪಣೆ ಇಲ್ಲದೆ ಬೇಡಿ ಹಾಕಿ ಸಂತೆಯಲ್ಲಿ ನಡೆಸಿದ್ದು ಕಾನೂನಿಗೆ ವಿರುದ್ಧ, ಮೈಕಿನಲ್ಲಿ ಕೂಗಿದ್ದು ಅವನ ಮಾನಕ್ಕೆ ಧಕ್ಕೆ, ಪರಿಹಾರ ಕೊಡಬೇಕು ಎಂದು ನ್ಯಾಯಾಧೀಶರು ಬರೆದರು. ಸರ್ಕಾರ ಮೇಲಿನ ಕೋರ್ಟಿಗೆ ಹೋಯಿತು. ಅಪೀಲು ಮಾಡದಿದ್ದರೆ ಸರ್ಕಾರಕ್ಕೆ ಅನ್ನ ಅರಗುವುದಿಲ್ಲ. ಮೈಕಿನಲ್ಲಿ ಮಾಫಿ ಕೇಳಬೇಕೆಂಬ ಬೇಡಿಕೆಯ ಬಗ್ಗೆ ಮಾತ್ರ ತೀರ್ಪಿನಲ್ಲಿ ಏನೂ ಇರಲಿಲ್ಲ. ವಕೀಲೆ ಮೊದಲೇ ಹೇಳಿದ್ದಳು. ಗ್ರಾಮಸೇವಕರಿಗೆ ಅಷ್ಟೊತ್ತಿಗೆ ಬೇರೆ ಊರಿಗೆ ವರ್ಗವಾಗಿತ್ತು.

"ಅಂದ್ರ ಆ ಹುಡುಗ ಕೇಳಿದ್ದು ಸಿಗಲೇ ಇಲ್ಲ," ಎಂದಳು ಅವ್ವ.

"ಗೆದ್ದಾನಲ್ಲವ್ವ."

"ಸೊಲ್ಲಾಪುರದಾಗ ಗೆದ್ದಾನ. ಸಂತ್ಯಾಗ ಗೆದ್ದಿಲ್ಲ."

ಮುಂದಿನ ಸಂತೆಯ ದಿನ ಬಸ್ಸು ನಿಂತ ಕೂಡಲೇ ಅವ್ವ ಸೊಪ್ಪಿನ ಗಂಟು ನನ್ನ ಕೈಗೆ ಕೊಟ್ಟು ನೇರವಾಗಿ ಪಂಚಾಯಿತಿಗೆ ನಡೆದಳು. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ನಾನೂ ಹಿಂದೆ ಓಡಿದೆ. ಗೇಟಿನಲ್ಲಿ ಅದೇ ಸರಪಳಿ ಜೋತುಬಿದ್ದಿತ್ತು. ಒಳಗೆ ಶಿಪಾಯಿ ಒಬ್ಬನೇ ಇದ್ದ, ನಮ್ಮನ್ನು ತಪ್ಪಿಸಿಕೊಂಡು ತಿರುಗುತ್ತಿದ್ದ ಅದೇ ಮನುಷ್ಯ.

"ಒಂದ ಮಾತು ಹೇಳೂದೈತಿ. ಮೈಕ ಹಚ್ಚು," ಎಂದಳು ಅವ್ವ.

"ಏನ ಕಳದೈತಿ ಆಯಿ?"

"ನನ್ನದೇನೂ ಕಳದಿಲ್ಲ. ಕಳದವರಿಗೆ ಕೊಡೂದೈತಿ."

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಗೇಟಿನ ಕಡೆ ನೋಡಿದ. ಇವನು ಏನಾದರೂ ನೆವ ಹೇಳುತ್ತಾನೆ, ನಾನು ಒಂದು ಕೈ ನೋಡಿಕೊಳ್ಳಬೇಕು ಎಂದು ಸಿದ್ಧಳಾಗಿಯೇ ನಿಂತಿದ್ದೆ. ಅವನು ಎದ್ದು ಗುಂಡಿ ಒತ್ತಿ, ಮೈಕನ್ನು ಅವ್ವನ ಬಾಯಿಯ ಎತ್ತರಕ್ಕೆ ಬಗ್ಗಿಸಿ ಕೊಟ್ಟು, ಹೊರಗೆ ಹೋಗಿ ನಿಂತುಕೊಂಡ. ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

"ಎಲ್ಲಾರೂ ಕೇಳ್ರಿ," ಎಂದಳು ಅವ್ವ. ಸಂತೆಯಲ್ಲಿ ಕೂಗಿ ಪಳಗಿದ ದನಿಗೆ ಮೈಕೇ ಬೇಕಿರಲಿಲ್ಲ. "ನಾ ಪಲ್ಯ ಮಾರೂ ಮುದುಕಿ. ಹಿಂದ ಒಂದ ಸಂತ್ಯಾಗ ಈ ಊರಾಗ ಒಂದ ಹುಡುಗನ್ನ ಪಂಚಾಯ್ತಿ ಗೇಟಿನ ಸರಪಳಿ ಕಟ್ಟಿ ನಡಿಸಿದ್ರು. ನಾ ಅದನ್ನ ದೇವರ ಸರಪಳಿ ಅಂತ ತಿಳಕೊಂಡೆ. ಇದ ಮೈಕಿನ್ಯಾಗ ಅವನ್ನ ಬದಮಾಶ ಅಂದ್ರು. ಹಂಗ ಕಟ್ಟಿದ್ದೂ ತಪ್ಪು, ಅಂದದ್ದೂ ತಪ್ಪು ಅಂತ ಸೊಲ್ಲಾಪುರದ ಕೋರ್ಟು ಹೇಳೈತಿ. ಕಟ್ಟಿದವರು ಬಂದು ಮಾಫಿ ಕೇಳಲಿಲ್ಲ. ಅವರ ಬದಲಿ ನಾ ಕೇಳತೀನಿ. ಮಗನ, ಎಲ್ಲಿದ್ರೂ ಕೇಳು. ತಪ್ಪಾತು, ಮಾಫ ಮಾಡು." ಸ್ವಲ್ಪ ತಡೆದು, ಮೈಕು ಕೈಯಲ್ಲಿದ್ದುದನ್ನು ವ್ಯರ್ಥ ಮಾಡಬಾರದೆಂದೋ ಏನೋ, "ಇವತ್ತ ಮೆಂತ್ಯೆ ಚಲೋ ಬಂದೈತಿ, ಬರ್ರಿ," ಎಂದು ಸೇರಿಸಿದಳು.

ಸಂತೆ ಕಿವಿಗೊಟ್ಟು ಕೇಳಿತು. ಈ ಸಲ ನಗಲಿಲ್ಲ. ನಾವು ಗೋಣಿತಟ್ಟು ಹಾಸುವ ಜಾಗಕ್ಕೆ ಬಂದಾಗ ಬಳೆಯವಳು ತಲೆ ತಗ್ಗಿಸಿ ಅವ್ವನಿಗೆ ಜಾಗ ಒರೆಸಿಕೊಟ್ಟಳು. ಈ ಊರಿನಲ್ಲಿ ತಪ್ಪು ಮಾಡದವಳು ಒಬ್ಬಳೇ ಇದ್ದಳು, ಮಾಫಿ ಕೇಳಿದವಳೂ ಅವಳೇ. ನನಗೆ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು, ಅದನ್ನು ಬಚ್ಚಿಡಲು ನಾನು ಡ್ರೈವರನಿಗೆ ಸುಮ್ಮನೆ ಬೈದೆ.

ಬಸ್ಸು ಹೊರಡುವ ಹೊತ್ತಿಗೆ ಕೆರೆಯ ಕಡೆಯಿಂದ ಅವನು ಓಡಿಬಂದ. ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಮೈಕು ಕೇಳಿಸಿತ್ತು. ಹೆಗಲ ಮೇಲೆ ಅದೇ ಕಂಬಳಿ, ಉಸಿರು ಮೇಲಕ್ಕೆ ಬಂದಿತ್ತು. ಅವ್ವನ ಮುಂದೆ ಬಂದು ನಿಂತ. ಅವ್ವ ಗೋಣಿತಟ್ಟಿನಿಂದ ಎದ್ದಳು. ಸೊಂಟದ ಚೀಲಕ್ಕೆ ಕೈ ಹಾಕಿ ಚಿಟಿಕೆ ಭಂಡಾರ ತೆಗೆದು ಅವನ ಹಣೆಗೆ ಹಚ್ಚಿದಳು. ಆಮೇಲೆ ಸೆರಗು ಹೊದ್ದು, ಮೊಣಕಾಲು ನೋಯುತ್ತಿದ್ದರೂ ಬಾಗತೊಡಗಿದಳು.

"ಬ್ಯಾಡ ಯವ್ವಾ," ಎಂದ ಅವನು. ಅವನ ಎರಡೂ ಕೈ ಮುಂದೆ ಬಂದು ಅವಳ ರಟ್ಟೆ ಹಿಡಿದವು. ಅವ್ವನ ಹಣೆ ಈ ಸಲ ನೆಲ ಮುಟ್ಟಲಿಲ್ಲ.